ಔಲ್‌ಬೇರ್ ಜಗಳ ಸಾಕು, ಗೋರಿ ಅಗೆಯುವ ದೃಶ್ಯ ನೋಡಿ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್: ಹಾನರ್ ಅಮಂಗ್ ಥೀವ್ಸ್’ ಸಿನಿಮಾ ಬಂದದ್ದು ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಪಾತ್ರವಹಿಸಿ ಆಡುವ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದಿಂದ. ಅದರ ಮೊದಲ ಟ್ರೇಲರ್ 2022ರಲ್ಲಿ ಬಂದಾಗ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಡ್ರೂಯಿಡ್ (ಪ್ರಕೃತಿಯ ಮಾಯೆಯಿಂದ ಪ್ರಾಣಿರೂಪ ತಾಳುವ ಪಾತ್ರ) ಆದ ಡೋರಿಕ್ ಔಲ್‌ಬೇರ್ (ಗೂಬೆ ತಲೆಯ ಕರಡಿ) ರೂಪ ತಾಳಬಹುದೋ ಇಲ್ಲವೋ? ನಿಯಮದ ಪುಸ್ತಕ ತೆರೆದರೆ ಉತ್ತರ ಒಂದೇ ಸಾಲು: ವೈಲ್ಡ್ ಶೇಪ್ (ಡ್ರೂಯಿಡ್‌ನ ರೂಪ ಬದಲಿಸುವ ಶಕ್ತಿ) ನಡೆಯುವುದು ಬೀಸ್ಟ್ ವರ್ಗದ ಪ್ರಾಣಿಗಳ ರೂಪಕ್ಕೆ ಮಾತ್ರ, ಔಲ್‌ಬೇರ್ ಮಾನ್‌ಸ್ಟ್ರಾಸಿಟಿ ವರ್ಗಕ್ಕೆ ಸೇರಿದ್ದು, ಆದ್ದರಿಂದ ಆಗದು. ಆದರೂ ಸಿನಿಮಾ ನೋಡಿ ಬಂದ ಪ್ರತಿ ಡ್ರೂಯಿಡ್ ಆಟಗಾರರೂ ತಮ್ಮ ಡಿಎಂ (ಕಥೆ ನಡೆಸುವ, ನಿಯಮ ನೋಡಿಕೊಳ್ಳುವ ಡಂಜನ್ ಮಾಸ್ಟರ್) ಮುಂದೆ ಇದೇ ಬೇಡಿಕೆ ಇಡುತ್ತಾರೆ. ಮೊದಲು ಅದನ್ನು ಮುಗಿಸಿಬಿಡೋಣ. ಈ ಸಿನಿಮಾದಿಂದ ಆಟದ ಮೇಜಿಗೆ ತರಬೇಕಾದ ನಿಜವಾದ ಸರಕು ಬೇರೆ ಕಡೆ ಇದೆ. (ಕಥೆಯ ಕೊನೆಯವರೆಗಿನ ಗುಟ್ಟುಗಳೆಲ್ಲ ಮುಂದೆ ಬರುತ್ತವೆ. ಸಿನಿಮಾ ನೋಡದವರು ನೋಡಿ ಬಂದು ಓದಿ.)

ಕೆಳಗೆ ಬರುವ ಅಂಕಿಗಳು ಆಟದ 2014ರ ಐದನೇ ಆವೃತ್ತಿಯವು (‘2ಡಿ8+5’ ಎಂದರೆ ಎಂಟು ಮುಖದ ಎರಡು ದಾಳ ಉರುಳಿಸಿ 5 ಕೂಡಿಸುವುದು). 2024ರ ಪುಸ್ತಕದಲ್ಲಿ ಬದಲಾದದ್ದನ್ನು ಅಲ್ಲಲ್ಲೇ ಹೇಳುತ್ತೇನೆ.

ಔಲ್‌ಬೇರ್‌ನ ಆರ್ಮರ್ ಕ್ಲಾಸ್ (ಏಟು ತಗುಲಲು ಮುಟ್ಟಬೇಕಾದ ಅಂಕಿ) 13, ಹಿಟ್ ಪಾಯಿಂಟ್ (ತಾಳಬಲ್ಲ ಏಟು) 59, ಚಾಲೆಂಜ್ ರೇಟಿಂಗ್ (ಎದುರಾಳಿಯಾಗಿ ಕಷ್ಟದ ಮಟ್ಟ) 3. ಕೊಕ್ಕಿನ ಏಟು 1ಡಿ10+5, ಪಂಜದ ಏಟು 2ಡಿ8+5. ಎರಡೂ ತಗುಲಿದರೆ ಒಂದು ಸರದಿಗೆ ಸರಾಸರಿ 24. ರೂಪ ಬದಲಿಸಿ ಕಾದಾಡುವುದರಲ್ಲಿ ಪಳಗಿದ ಸರ್ಕಲ್ ಆಫ್ ದ ಮೂನ್ ಡ್ರೂಯಿಡ್‌ಗೆ ಎರಡನೇ ಲೆವೆಲ್‌ನಲ್ಲಿ ರೇಟಿಂಗ್ 1ರವರೆಗಿನ ಪ್ರಾಣಿ ಸಿಗುತ್ತದೆ. ಆರನೇ ಲೆವೆಲ್‌ನಿಂದ ಮುಂದೆ ಲೆವೆಲ್ ಅನ್ನು ಮೂರರಿಂದ ಭಾಗಿಸಿದಷ್ಟು. ಅಂದರೆ ರೇಟಿಂಗ್ 3 ಕೈಗೆ ಬರುವುದು ಒಂಬತ್ತನೇ ಲೆವೆಲ್‌ನಲ್ಲಿ. ವರ್ಗದ ನಿಯಮವನ್ನು ಮಾತ್ರ ಸಡಿಲಿಸಿ, ರೇಟಿಂಗ್‌ನ ಮಿತಿ ಹಾಗೇ ಉಳಿಸಿಕೊಂಡರೆ ಒಂಬತ್ತನೇ ಲೆವೆಲ್‌ನ ಮೇಜಿನಲ್ಲಿ ಔಲ್‌ಬೇರ್‌ನಿಂದ ಯಾವ ತೊಂದರೆಯೂ ಇಲ್ಲ. ತೊಂದರೆ ಆಗುವುದು ಸಿನಿಮಾದ ಹುರುಪಿನಲ್ಲಿ ಎರಡನೇ ಲೆವೆಲ್‌ಗೇ ಅದನ್ನು ಕೊಟ್ಟಾಗ. ಆ ಹಂತದಲ್ಲಿ ಫೈಟರ್ ಹತ್ತಿರ ಇಪ್ಪತ್ತರ ಆಸುಪಾಸಿನ ಹಿಟ್ ಪಾಯಿಂಟ್ ಇರುತ್ತದೆ. ಡ್ರೂಯಿಡ್ ಮಾತ್ರ ಒಂದು ಶಾರ್ಟ್ ರೆಸ್ಟ್‌ಗೆ (ಆಟದೊಳಗಿನ ಚಿಕ್ಕ ವಿರಾಮಕ್ಕೆ) ಎರಡು ಸಲ 59 ಹೊದ್ದುಕೊಂಡು ಬಂದರೆ ಉಳಿದವರಿಗೆ ಕಾಳಗದಲ್ಲಿ ಕೆಲಸವೇ ಇರುವುದಿಲ್ಲ. ಚಿಕ್ಕ ಲೆವೆಲ್‌ನ ಆಟಗಾರರು ಹಠ ಹಿಡಿದರೆ ಕಂದು ಕರಡಿಯ ಅಂಕಿಗಳನ್ನೇ ಕೊಡಿ, ಅದರ ಹಿಟ್ ಪಾಯಿಂಟ್ 34. ವರ್ಣನೆಯಲ್ಲಿ ಗರಿ, ಕೊಕ್ಕು ಇರಲಿ. ವಾಸನೆ ಹಿಡಿಯುವ ಅನುಕೂಲದ ಬದಲು ಕಣ್ಣಿನ ಅನುಕೂಲ ಕೊಟ್ಟರೆ ಆಯಿತು. 2024ರ ನಿಯಮದಲ್ಲಿ ರೂಪ ಬದಲಿಸಿದರೂ ಡ್ರೂಯಿಡ್‌ನ ಸ್ವಂತ ಹಿಟ್ ಪಾಯಿಂಟೇ ಉಳಿಯುತ್ತದೆ. ಮೇಲೆ ಸಿಗುವುದು ಲೆವೆಲ್‌ನಷ್ಟು, ಮೂನ್ ಡ್ರೂಯಿಡ್ ಆದರೆ ಅದರ ಮೂರರಷ್ಟು ತಾತ್ಕಾಲಿಕ ಹಿಟ್ ಪಾಯಿಂಟ್. ಹಾಗಾಗಿ ಅಲ್ಲಿ ಈ ಸಡಿಲಿಕೆಯ ಅಪಾಯ ಇನ್ನೂ ಕಡಿಮೆ.

ಇಷ್ಟೇ ವಿಷಯ. ಇದನ್ನು ಹಿಡಿದುಕೊಂಡು ‘ಸಿನಿಮಾ ಆಟಕ್ಕೆ ನಿಷ್ಠವಾಗಿಲ್ಲ’ ಎನ್ನುವವರು ದೊಡ್ಡದೊಂದನ್ನು ಕಳೆದುಕೊಳ್ಳುತ್ತಿದ್ದಾರೆ. ನಿರ್ದೇಶಕರಾದ ಜೊನಾಥನ್ ಗೋಲ್ಡ್‌ಸ್ಟೀನ್ ಮತ್ತು ಜಾನ್ ಫ್ರಾನ್ಸಿಸ್ ಡೇಲಿ ನಿಯಮ ಮುರಿದಲ್ಲೆಲ್ಲ ಆಟದ ನಡೆಯನ್ನು ಉಳಿಸಿದ್ದಾರೆ. ಆ ನಡೆ ಯಾವುದೆಂದರೆ, ಯೋಜನೆ ಕೆಡುತ್ತದೆ, ಆದರೆ ಕಥೆ ನಿಲ್ಲುವುದಿಲ್ಲ. ಕೆಟ್ಟ ಯೋಜನೆಯೇ ಮುಂದಿನ ಬಾಗಿಲು ತೆರೆಯುತ್ತದೆ. ಈ ಸಿನಿಮಾದಲ್ಲಿ ಅಂದುಕೊಂಡಂತೆ ನಡೆದ ಯೋಜನೆ ಹುಡುಕಿದರೂ ಸಿಗುವುದು ಕಷ್ಟ.

ಮೊದಲ ದೃಶ್ಯವನ್ನೇ ತೆಗೆದುಕೊಳ್ಳಿ. ಹಿಮದ ನಡುವಿನ ರೆವೆಲ್ಸ್ ಎಂಡ್ ಸೆರೆಮನೆ. ಇದು ಸಿನಿಮಾಕ್ಕಾಗಿ ಹುಟ್ಟಿದ ಜಾಗವಲ್ಲ, 2020ರ ‘ಐಸ್‌ವಿಂಡ್ ಡೇಲ್: ರೈಮ್ ಆಫ್ ದ ಫ್ರಾಸ್ಟ್‌ಮೇಡನ್’ ಸಾಹಸದ ಪುಸ್ತಕದಲ್ಲೇ ಇದೆ. ಕಥಾನಾಯಕ, ಬಾರ್ಡ್ (ಹಾಡಿನಿಂದ ಮಾಯೆ ಮಾಡುವ ಪಾತ್ರ) ಎಡ್ಜಿನ್ ಕ್ಷಮಾದಾನದ ಮಂಡಳಿಯ ಮುಂದೆ ತನ್ನ ಕಥೆ ಹೇಳುತ್ತಾ ಹೇಳುತ್ತಾ, ಜಾರ್ನಾಥನ್ ಎಂಬ ಹಕ್ಕಿ ಮೊಗದ ಆರಾಕೊಕ್ರ ಸದಸ್ಯ ಇನ್ನೂ ಬಂದಿಲ್ಲವಲ್ಲ ಎಂದು ಮತ್ತೆ ಮತ್ತೆ ಕೇಳುತ್ತಾನೆ. ಕೊನೆಗೆ ಆ ಸದಸ್ಯ ಬಂದದ್ದೇ ತಡ, ಎಡ್ಜಿನ್ ಮತ್ತು ಅವನ ಜೊತೆಗಾತಿ ಹೋಲ್ಗಾ ಜಾರ್ನಾಥನ್‌ನನ್ನು ಹಿಡಿದುಕೊಂಡು ಕಿಟಕಿಯಿಂದ ಹಾರುತ್ತಾರೆ. ಅಷ್ಟರಲ್ಲಿ ಅವರ ಕ್ಷಮಾದಾನ ಮಂಜೂರೇ ಆಗಿತ್ತು! ಡಿಎಂ ಯಶಸ್ಸನ್ನು ಕೈಯಲ್ಲಿ ಹಿಡಿದು ನಿಂತಿದ್ದಾಗ ಆಟಗಾರರು ತಮ್ಮದೇ ಪ್ಲಾನ್ ಹಿಡಿದು ಹಾರಿಬಿಡುವುದು ಎಷ್ಟು ಮೇಜುಗಳಲ್ಲಿ ನಡೆದಿಲ್ಲ? ಜಾರ್ನಾಥನ್‌ನನ್ನು ಕಂಪ್ಯೂಟರಿನಲ್ಲಿ ಬರೆಯದೆ ಲೆಗಸಿ ಎಫೆಕ್ಟ್ಸ್‌ನವರು ತೊಡುವ ವೇಷವಾಗಿಯೇ ಮಾಡಿದ್ದರು. ಆ ಭಾರ, ಆ ಗರಿಗಳ ಅಲುಗಾಟ ತೆರೆಯ ಮೇಲೆ ಕಾಣುತ್ತದೆ.

ಈ ದೃಶ್ಯವನ್ನು ಹೊಸ ಕ್ಯಾಂಪೇನ್‌ನ (ಹಲವು ಸೆಷನ್‌ಗಳಲ್ಲಿ ಆಡುವ ಉದ್ದದ ಕಥೆಯ) ಮೊದಲ ಸೆಷನ್‌ಗೆ ಹಾಗೇ ಎತ್ತಿಕೊಳ್ಳಬಹುದು. ಪಾತ್ರಗಳೆಲ್ಲ ಕಟಕಟೆಯಲ್ಲಿ ನಿಂತಿರಲಿ, ಒಬ್ಬೊಬ್ಬರಿಗೆ ಮೂರು ನಿಮಿಷ, ‘ನಿಮ್ಮನ್ನು ಏಕೆ ಬಿಡಬೇಕು’ ಎನ್ನುವುದಷ್ಟೇ ಪ್ರಶ್ನೆ. ಹಿನ್ನೆಲೆ ಕಥೆಯ ನಾಲ್ಕು ಪುಟ ಓದಿಸುವುದಕ್ಕಿಂತ ಇದು ಎಷ್ಟೋ ಮೇಲು, ಏಕೆಂದರೆ ಹೇಳುವವರಿಗೊಂದು ಗರಜು ಇರುತ್ತದೆ. ಒಂದು ಎಚ್ಚರಿಕೆ: ಮಂಡಳಿಯ ತೀರ್ಪನ್ನು ಒಂದೇ ಪರ್ಸ್ವೇಷನ್ (ಮನವೊಲಿಸುವ) ರೋಲ್ ಮೇಲೆ ನಿಲ್ಲಿಸಬೇಡಿ. ಮೊದಲನೆಯವರು ಡಿ20ಯಲ್ಲಿ (ಇಪ್ಪತ್ತು ಮುಖದ ದಾಳದಲ್ಲಿ) 3 ಉರುಳಿಸಿದರೆ ಉಳಿದವರ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ಮಂಡಳಿಯ ಸದಸ್ಯರ ಮತಗಳನ್ನು ಬಿಡಿಬಿಡಿಯಾಗಿ ಇಟ್ಟು, ಪ್ರತಿ ಕಥೆಗೆ ಒಂದೊಂದು ಮತ ಅತ್ತಿತ್ತ ವಾಲುವಂತೆ ಮಾಡಿ.

ಈಗ ಗೋರಿಗಳಿಗೆ ಬರೋಣ. ನನ್ನ ಮಟ್ಟಿಗೆ ಇಡೀ ಸಿನಿಮಾದ ಅತ್ಯುತ್ತಮ ಹತ್ತು ನಿಮಿಷ ಇದು, ಮತ್ತು ಟೇಬಲ್‌ಟಾಪ್ ಆಟವನ್ನು ತೆರೆಯ ಮೇಲೆ ಇಷ್ಟು ಚೆನ್ನಾಗಿ ಹಿಡಿದ ಇನ್ನೊಂದು ದೃಶ್ಯ ನಾನು ನೋಡಿಲ್ಲ. ಖಜಾನೆಯ ಮಾಯಾಬಂಧ ಬಿಡಿಸಬಲ್ಲ ಶಿರಸ್ತ್ರಾಣ, ಹೆಲ್ಮೆಟ್ ಆಫ್ ಡಿಸ್‌ಜಂಕ್ಷನ್, ಎಲ್ಲಿದೆ ಎಂದು ತಿಳಿಯಬೇಕು. ತಿಳಿದವರೆಲ್ಲ ಹಳೆಯ ಯುದ್ಧವೊಂದರಲ್ಲಿ ಸತ್ತಿದ್ದಾರೆ. ತಂಡ ಗೋರಿ ಅಗೆದು ಒಂದೊಂದೇ ಹೆಣವನ್ನು ಮಾತಾಡಿಸುತ್ತದೆ. ಒಂದು ಹೆಣಕ್ಕೆ ಐದೇ ಪ್ರಶ್ನೆ. ಸಾಲದ್ದಕ್ಕೆ ಬಾಯಿತಪ್ಪಿ ಬಂದ ‘ಏನು?’, ತಂಡದವರು ತಮ್ಮತಮ್ಮಲ್ಲೇ ಕೇಳಿಕೊಂಡ ಪ್ರಶ್ನೆ, ಎಲ್ಲವೂ ಲೆಕ್ಕಕ್ಕೆ ಬೀಳುತ್ತವೆ. ನೋಡಿದವರೆಲ್ಲ ನಗುತ್ತಾರೆ. ಆಡುವವರು ಇನ್ನೊಂದು ಸಲ ನೋಡಿ, ನಗುವಿನ ಕೆಳಗಿನ ಕಟ್ಟಡವನ್ನು ಗಮನಿಸಬೇಕು. ಪ್ರತಿ ಹೆಣವೂ ಯುದ್ಧದ ಬೇರೆ ಬೇರೆ ಗಳಿಗೆಯಲ್ಲಿ ಸತ್ತಿದೆ. ಆದ್ದರಿಂದ ಪ್ರತಿಯೊಂದಕ್ಕೂ ಗೊತ್ತಿರುವುದು ತಾನು ಸಾಯುವವರೆಗಿನದು ಮಾತ್ರ. ಮಾಹಿತಿಯನ್ನು ತುಂಡುಮಾಡಿ ಹಂಚಲು ಇದಕ್ಕಿಂತ ಸಹಜವಾದ ದಾರಿ ಇಲ್ಲ.

ಪುಸ್ತಕದ ‘ಸ್ಪೀಕ್ ವಿತ್ ಡೆಡ್’ ಮೂರನೇ ಲೆವೆಲ್‌ನ ಸ್ಪೆಲ್ (ಮಂತ್ರ; ಸ್ಪೆಲ್‌ನ ಲೆವೆಲ್ ಬೇರೆ, ಪಾತ್ರದ ಲೆವೆಲ್ ಬೇರೆ). ಹತ್ತು ಅಡಿಯೊಳಗಿನ ಹೆಣ, ಹತ್ತು ನಿಮಿಷ, ಐದು ಪ್ರಶ್ನೆ. ಹೆಣಕ್ಕೆ ಬಾಯಿ ಉಳಿದಿರಬೇಕು. ಅದು ಅನ್‌ಡೆಡ್ ಆಗಿರಬಾರದು. ಬದುಕಿದ್ದಾಗ ಗೊತ್ತಿದ್ದದ್ದಷ್ಟೇ ಗೊತ್ತು, ಸತ್ತ ಮೇಲಿನದು ಗೊತ್ತಿಲ್ಲ. ಉತ್ತರ ಚುಟುಕಾಗಿ, ಒಗಟಾಗಿ ಬರುತ್ತದೆ, ನಿಮ್ಮನ್ನು ಶತ್ರುವೆಂದು ಬಗೆದರೆ ನಿಜ ಹೇಳಬೇಕೆಂಬ ಕಟ್ಟುಪಾಡೂ ಇಲ್ಲ. ಅದೇ ಹೆಣವನ್ನು ಮತ್ತೆ ಮಾತಾಡಿಸಲು ಹತ್ತು ದಿನ ಕಾಯಬೇಕು. ಸಿನಿಮಾ ಈ ಕೊನೆಯದನ್ನು ಬಿಗಿ ಮಾಡಿದೆ: ಐದು ಮುಗಿದರೆ ಆ ಹೆಣದ ಬಾಯಿ ಮತ್ತೆ ತೆರೆಯುವುದಿಲ್ಲ. ಮೇಜಿನಲ್ಲೂ ಹಾಗೇ ಇಟ್ಟುಕೊಳ್ಳುವುದು ಒಳ್ಳೆಯದು.

ಮೇಜಿಗೆ ತರುವಾಗ ಮೊದಲು ಕೈಕೊಡುವುದು ಸ್ಪೆಲ್ ಸ್ಲಾಟ್, ಅಂದರೆ ದಿನಕ್ಕೆ ಎಷ್ಟು ಸ್ಪೆಲ್ ಹಾಕಬಹುದೆಂಬ ಲೆಕ್ಕ. ಐದನೇ ಲೆವೆಲ್‌ನ ಕ್ಲೆರಿಕ್ (ದೈವಬಲದ ಪೂಜಾರಿ) ಅಥವಾ ಬಾರ್ಡ್ ಹತ್ತಿರ ಮೂರನೇ ಲೆವೆಲ್‌ನ ಸ್ಲಾಟ್ ಇರುವುದು ಎರಡು, ಮತ್ತು ಈ ಸ್ಪೆಲ್‌ಗೆ ರಿಚುಯಲ್ (ಸ್ಲಾಟ್ ಖರ್ಚಿಲ್ಲದೆ ಹಾಕುವ) ಸೌಲಭ್ಯ ಇಲ್ಲ. ನಾಲ್ಕು ಹೆಣ ಮಾತಾಡಿಸಲು ಎರಡು ದಿನ ಬೇಕು. ನಡುವೆ ಲಾಂಗ್ ರೆಸ್ಟ್ (ರಾತ್ರಿಯ ವಿಶ್ರಾಂತಿ) ಬಂದರೆ ಓಟವೇ ಸತ್ತುಹೋಗುತ್ತದೆ. ಹಾಗಾಗಿ ಈ ಸ್ಪೆಲ್ ಅನ್ನು ನಾಲ್ಕು ಸಲ ಹಾಕಬಲ್ಲ, ಅಂದರೆ ನಾಲ್ಕು ಚಾರ್ಜ್ ಇರುವ ಒಂದು ವಸ್ತುವನ್ನು ಮೊದಲೇ ತಂಡದ ಕೈಗೆ ಸೇರಿಸಿ. ಆಮೇಲೆ ಪ್ರತಿ ಹೆಣಕ್ಕೊಂದು ಚೀಟಿ ಬರೆಯಿರಿ. ಅದರಲ್ಲಿ ನಾಲ್ಕೇ ಸಾಲು: ಯಾವ ಗಳಿಗೆಯಲ್ಲಿ ಸತ್ತ, ಕೊನೆಗೆ ಕಣ್ಣಾರೆ ಏನು ಕಂಡ, ಯಾವುದನ್ನು ತಪ್ಪಾಗಿ ನಂಬಿದ್ದಾನೆ, ಮುಂದಿನ ಗೋರಿಗೆ ದಾರಿ ತೋರುವ ಹೆಸರು ಯಾವುದು. ಮೂರನೇ ಸಾಲು ಬಿಟ್ಟರೆ ದೃಶ್ಯ ಚಪ್ಪೆಯಾಗುತ್ತದೆ; ನಾಲ್ಕನೆಯದನ್ನು ಬಿಟ್ಟರೆ ತಂಡ ಗೋರಿಗಳ ನಡುವೆ ದಿಕ್ಕು ತೋಚದೆ ನಿಲ್ಲುತ್ತದೆ. ಉತ್ತರಗಳು ಆರೇಳು ಪದ ಮೀರದಿರಲಿ. ಎಲ್ಲ ತಿಳಿದ ಹೆಣ ಒಂದೂ ಇರಬಾರದು. ಇದ್ದರೆ ಆಟಗಾರರು ಅದಕ್ಕೇ ಎರಡು ಪ್ರಶ್ನೆ ಕೇಳಿ ಎದ್ದು ಹೋಗುತ್ತಾರೆ.

ಇನ್ನೊಂದು ಕಾಯಿಲೆ, ಪ್ರಶ್ನೆ ಬರೆಯುವ ಸಭೆ. ಆಟಗಾರರು ಒಟ್ಟಿಗೆ ತಲೆ ಸೇರಿಸಿ, ಐದು ಪ್ರಶ್ನೆಗಳನ್ನು ಕಾನೂನಿನ ಭಾಷೆಯಲ್ಲಿ ತಿದ್ದುತ್ತಾ ಅರ್ಧ ಗಂಟೆ ಕೂರುತ್ತಾರೆ. ಅದಕ್ಕೆ ಮದ್ದು ಸ್ಪೆಲ್‌ನಲ್ಲೇ ಇದೆ: ಹತ್ತು ನಿಮಿಷದ ಗಡಿಯಾರ ಇಡಿ, ನಿಜವಾದ ಹತ್ತು ನಿಮಿಷ. ಬಾಯಿತಪ್ಪಿದ ಪ್ರಶ್ನೆಯೂ ಲೆಕ್ಕಕ್ಕೆ ಬರುತ್ತದೆಯೇ ಎನ್ನುವುದನ್ನು ಮೊದಲ ಹೆಣಕ್ಕೂ ಮುಂಚೆ ಸ್ಪಷ್ಟವಾಗಿ ಹೇಳಿಬಿಡಿ. ಹೇಳದೆ ‘ಅದೂ ಒಂದು ಪ್ರಶ್ನೆ’ ಎಂದರೆ ಮೋಸದ ಹಾಗೆ ಅನ್ನಿಸುತ್ತದೆ, ಹೇಳಿದ್ದರೆ ಅದೇ ಎಲ್ಲರನ್ನೂ ನಗಿಸುತ್ತದೆ. ಸಿನಿಮಾದ ಕ್ರೆಡಿಟ್ಸ್ ನಡುವೆ ಬರುವ ತುಣುಕು ನೆನಪಿದೆಯಲ್ಲ, ಪ್ರಶ್ನೆ ಉಳಿದುಹೋಗಿ ಕಾಯುತ್ತಲೇ ಇರುವ ಆ ಹೆಣ? ಮೇಜಿನಲ್ಲೂ ಉಳಿದ ಪ್ರಶ್ನೆಗಳನ್ನು ಬರೆದಿಟ್ಟುಕೊಳ್ಳಿ. ಮೂರು ಸೆಷನ್ ಆದಮೇಲೆ ಆ ಗೋರಿಗೆ ಓಡಿ ಬರುವ ಸಂದರ್ಭ ಖಂಡಿತ ಬರುತ್ತದೆ.

ಡೋರಿಕ್ ಕೋಟೆಯಿಂದ ತಪ್ಪಿಸಿಕೊಳ್ಳುವ ಓಟವನ್ನೂ ಎಲ್ಲರೂ ಕೊಂಡಾಡುತ್ತಾರೆ: ನೊಣ, ಇಲಿ, ಗಿಡುಗ, ಬೆಕ್ಕು, ಜಿಂಕೆ, ಎಲ್ಲವೂ ಒಂದೇ ಉಸಿರಿನಲ್ಲಿ, ಕ್ಯಾಮೆರಾ ಎಲ್ಲೂ ಕತ್ತರಿಸಿದಂತೆ ಕಾಣದೆ. ಇದನ್ನು ಆಟಕ್ಕೆ ತರುವುದು ಸ್ವಲ್ಪ ನಾಜೂಕಿನ ಕೆಲಸ. 2014ರ ನಿಯಮದಲ್ಲಿ ವೈಲ್ಡ್ ಶೇಪ್ ಒಂದು ರೆಸ್ಟ್‌ಗೆ ಎರಡೇ ಸಲ, ಹಾರುವ ರೂಪ ಎಂಟನೇ ಲೆವೆಲ್‌ನಿಂದ. ಲೆಕ್ಕವಿಲ್ಲದಷ್ಟು ಸಲ ಬದಲಿಸುವ ಶಕ್ತಿ ಇಪ್ಪತ್ತನೇ ಲೆವೆಲ್‌ನದ್ದು. 2024ರಲ್ಲಿ ಐದನೇ ಲೆವೆಲ್‌ನ ಡ್ರೂಯಿಡ್‌ಗೆ ‘ವೈಲ್ಡ್ ರಿಸರ್ಜೆನ್ಸ್’ ಸಿಗುತ್ತದೆ: ರೂಪ ಬದಲಿಸುವ ಅವಕಾಶಗಳು ಮುಗಿದಾಗ ಒಂದು ಸ್ಪೆಲ್ ಸ್ಲಾಟ್ ಸುಟ್ಟು ಇನ್ನೊಂದು ಪಡೆಯಬಹುದು. ಹಳೆಯ ನಿಯಮದಲ್ಲಿ ಆಡುವವರೂ ಇದನ್ನು ಮನೆ ನಿಯಮವಾಗಿ ಎರವಲು ತಂದರೆ ಆ ಓಟ ಸಾಧ್ಯವಾಗುತ್ತದೆ, ಅದಕ್ಕೆ ಬೆಲೆಯನ್ನೂ ತೆತ್ತಂತಾಗುತ್ತದೆ.

ಮಾಮೂಲಿ ಅಟ್ಟಿಸಿಕೊಂಡು ಹೋಗುವ ದೃಶ್ಯಗಳು ಮೇಜಿನಲ್ಲಿ ಏಕೆ ನೆಲ ಕಚ್ಚುತ್ತವೆ ಗೊತ್ತೇ? ಎಲ್ಲರ ವೇಗವೂ 30 ಅಡಿ. ಓಡುವವರು ಡ್ಯಾಶ್ ಮಾಡಿದರೆ (ಸರದಿಯನ್ನೆಲ್ಲ ಓಟಕ್ಕೇ ಕೊಟ್ಟರೆ) 60, ಅಟ್ಟುವವರೂ ಡ್ಯಾಶ್ ಮಾಡಿದರೆ 60. ನಡುವಿನ ಅಂತರ ಎಷ್ಟು ಸರದಿ ಕಳೆದರೂ ಅಷ್ಟೇ ಇರುತ್ತದೆ. ಡಿಎಂ ಗೈಡ್ ಇದಕ್ಕೆ ಎರಡು ಉಪಾಯ ಕೊಟ್ಟಿದೆ: 3ಕ್ಕೆ ಕಾನ್‌ಸ್ಟಿಟ್ಯೂಷನ್ (ಮೈಯ ತಾಳಿಕೆ) ಮಾಡಿಫೈಯರ್ ಕೂಡಿಸಿದಷ್ಟು ಸಲ ಮಾತ್ರ ಡ್ಯಾಶ್ ಪುಕ್ಕಟೆ, ಆಮೇಲೆ ಪ್ರತಿ ಸಲ ಡಿಸಿ 10ರ (ದಾಳದಲ್ಲಿ ಒಟ್ಟು 10 ಮುಟ್ಟಬೇಕಾದ) ಪರೀಕ್ಷೆ, ಸೋತರೆ ಒಂದು ಹಂತ ಎಕ್ಸಾಸ್ಚನ್ (ದಣಿವು). ಜೊತೆಗೆ ಡಿ20 ಉರುಳಿಸಿ ಅಡ್ಡಿಗಳನ್ನು ತರುವ ಪಟ್ಟಿ. ಡ್ರೂಯಿಡ್‌ನ ವಿಷಯದಲ್ಲಿ ಮೂರನೆಯದು ತಾನಾಗಿ ಬರುತ್ತದೆ, ಏಕೆಂದರೆ ರೂಪಕ್ಕೊಂದು ವೇಗ: ಇಲಿಗೆ 20 ಅಡಿ, ಬೆಕ್ಕಿಗೆ 40 ಮತ್ತು ಹತ್ತಲು 30, ಜಿಂಕೆಗೆ 50, ಗಿಡುಗ ಹಾರಿದರೆ 60. ಆದರೆ ಹಿಟ್ ಪಾಯಿಂಟ್ ನೋಡಿ. ಇಲಿಗೆ 1, ಗಿಡುಗಕ್ಕೆ 1, ಬೆಕ್ಕಿಗೆ 2, ಜಿಂಕೆಗೆ 4. ಒಂದು ಬಾಣ ತಗುಲಿದರೆ ರೂಪ ಕಳಚುತ್ತದೆ, ಹೆಚ್ಚಾದ ಏಟು ಸ್ವಂತ ಮೈಗೆ ಬೀಳುತ್ತದೆ. ಈ ದುರ್ಬಲತೆಯೇ ಓಟದ ರೋಮಾಂಚನ. ಆದ್ದರಿಂದ ನಕ್ಷೆಯಲ್ಲಿ ಪ್ರತಿ ತಿರುವಿಗೂ ಒಂದೊಂದು ರೂಪ ಮಾತ್ರ ನುಸುಳಬಲ್ಲ ಜಾಗ ಇಡಿ: ಬಾಗಿಲ ಕೆಳಗಿನ ಸಂದು, ಚಾವಣಿ, ತೆರೆದ ಬೀದಿ. ಯಾವ ರೂಪ ಎಲ್ಲಿಗೆ ಎನ್ನುವುದನ್ನು ಆಟಗಾರರೇ ಕಂಡುಕೊಳ್ಳಲಿ.

ಇನ್ನು ನೆಲದಾಳದ ಲೋಕವಾದ ಅಂಡರ್‌ಡಾರ್ಕ್‌ನ ಸೇತುವೆ. ಪ್ಯಾಲಡಿನ್ (ವ್ರತನಿಷ್ಠ ಯೋಧ) ಝೆಂಕ್ ಯಾವ ಕಲ್ಲಿನ ಮೇಲೆ ಯಾವ ಕ್ರಮದಲ್ಲಿ ಕಾಲಿಡಬೇಕೆಂದು ಉದ್ದಕ್ಕೆ ವಿವರಿಸುತ್ತಿರುವಾಗಲೇ ತಂಡದ ಸಾರ್ಸರರ್ (ಹುಟ್ಟಾ ಮಾಂತ್ರಿಕ) ಸೈಮನ್ ಸುಮ್ಮನೆ ಒಂದು ಕಾಲಿಡುತ್ತಾನೆ, ಸೇತುವೆ ಪೂರ್ತಿ ಕುಸಿಯುತ್ತದೆ. ವಾರಪೂರ್ತಿ ಕೂತು ಒಗಟು ಕಟ್ಟಿದ ಡಿಎಂಗಳ ಹೊಟ್ಟೆಯುರಿ ಇಲ್ಲಿ ತೆರೆಯ ಮೇಲೇ ಇದೆ. ಮುಂದಾಗುವುದು ಇನ್ನೂ ಸೊಗಸು: ತಂಡದ ಕೈಯಲ್ಲಿ ಬಹಳ ಹೊತ್ತಿನಿಂದ ಇದ್ದ ಊರುಗೋಲು, ಹಿದರ್-ಥಿದರ್ ಸ್ಟಾಫ್, ಎರಡು ಜಾಗಗಳ ನಡುವೆ ಬಾಗಿಲು ತೆರೆಯುವ ಮಂತ್ರದಂಡ ಎಂದು ಗೊತ್ತಾಗುತ್ತದೆ. ಅಲ್ಲಿಂದ ಮುಂದೆ ಸಿನಿಮಾದ ಅರ್ಧ ಯೋಜನೆಗಳು ಅದರ ಮೇಲೇ ನಿಂತಿವೆ.

ಇಂಥ ವಸ್ತು ಕೊಡುವ ಮುನ್ನ ಡಿಎಂ ಎರಡು ಸ್ಪೆಲ್ ನೋಡಿಕೊಳ್ಳಬೇಕು. ‘ಡೈಮೆನ್ಷನ್ ಡೋರ್’ ನಾಲ್ಕನೇ ಲೆವೆಲ್‌ನದು, 500 ಅಡಿ, ಒಬ್ಬರು ಮತ್ತು ಜೊತೆಗೊಬ್ಬರು. ‘ಆರ್ಕೇನ್ ಗೇಟ್’ ಆರನೇ ಲೆವೆಲ್‌ನದು, 500 ಅಡಿ, ಹತ್ತು ನಿಮಿಷ ಯಾರು ಬೇಕಾದರೂ ದಾಟಬಹುದು, ಕಾನ್ಸಂಟ್ರೇಷನ್ (ಸ್ಪೆಲ್ ಮೇಲೆ ಬಿಡದ ಗಮನ) ಬೇಕು. ಸಿನಿಮಾದ ಊರುಗೋಲು ಎರಡನೆಯದಕ್ಕೆ ಹತ್ತಿರ. ಅಂದರೆ ಹನ್ನೊಂದನೇ ಲೆವೆಲ್‌ನ ಶಕ್ತಿಯನ್ನು ಐದನೇ ಲೆವೆಲ್‌ನ ತಂಡಕ್ಕೆ ಕೊಟ್ಟಂತೆ. ಕೊಡಬೇಡಿ ಎನ್ನುತ್ತಿಲ್ಲ. ಕೊಡಿ, ಆದರೆ ಮೂರು ಕಟ್ಟು ಹಾಕಿ: ಎರಡೂ ತುದಿ ಕಣ್ಣಿಗೆ ಕಾಣುವಾಗಲೇ ಇಡಬೇಕು, ಚಪ್ಪಟೆ ಮೈ ಬೇಕು, ದಿನಕ್ಕೆ ಎರಡು ಅಥವಾ ಮೂರೇ ಸಲ. ಚಪ್ಪಟೆ ಮೈಯ ಕಟ್ಟು ಅತ್ಯಂತ ಫಲ ಕೊಡುವುದು. ಅದರಿಂದಲೇ ಆ ಚಿತ್ರಪಟದ ಪ್ರಸಂಗ ಹುಟ್ಟಿದ್ದು. ತಂಡ ಒಂದು ಚಿತ್ರಪಟದ ಮೇಲೆ ಬಾಗಿಲನ್ನು ಅಂಟಿಸಿ, ಆ ಪಟ ಖಜಾನೆಯೊಳಗೆ ಹೋಗುವಂತೆ ನೋಡಿಕೊಳ್ಳುತ್ತದೆ. ಎಲ್ಲ ಸರಿಯಾಗಿ ನಡೆಯುತ್ತದೆ, ಪಟ ಖಜಾನೆ ಸೇರುತ್ತದೆ, ಬಾಗಿಲು ತೆರೆದರೆ ಎದುರಿಗೆ ಬರೀ ಕಲ್ಲು. ಪಟ ಒಳಗೆ ಮಕಾಡೆ ಬಿದ್ದಿದೆ! ಡಿಎಂ ‘ಇಲ್ಲ, ಆಗದು’ ಎನ್ನಲಿಲ್ಲ. ಉಪಾಯಕ್ಕೆ ಒಪ್ಪಿ, ಲೋಕ ಅದಕ್ಕೆ ಹೇಗೆ ಪ್ರತಿಕ್ರಿಯಿಸುತ್ತದೆಂದು ದಾಳ ಉರುಳಿಸಿದ. ಮೇಜಿನಲ್ಲಿ ಮಾಡಬೇಕಾದದ್ದೂ ಇದೇ. ಪಟವನ್ನು ಸಾಗಿಸುವವರಿಗೆ ಒಂದು ರೋಲ್ ಇಟ್ಟು, 5 ಅಥವಾ ಅದಕ್ಕಿಂತ ಕಡಿಮೆ ಬಿದ್ದರೆ ಮಕಾಡೆ, 6ರಿಂದ 10 ಬಿದ್ದರೆ ಪಟದ ಮುಂದೆ ಪೆಟ್ಟಿಗೆಗಳ ರಾಶಿ, ಅದಕ್ಕೂ ಮೇಲೆ ಬಿದ್ದರೆ ದಾರಿ ಸುಗಮ. ಆ ರೋಲ್ ಅನ್ನು ಡಿಎಂ ಪರದೆಯ ಹಿಂದೆ ಉರುಳಿಸಬೇಕು, ಆಟಗಾರರಿಗೆ ಫಲ ತಿಳಿಯುವುದು ಬಾಗಿಲು ತೆರೆದಾಗಲೇ.

ಅದೇ ಪ್ರಸಂಗದ ಸುತ್ತ ಸೈಮನ್ ಎಡ್ಜಿನ್‌ನ ಮಾಯಾರೂಪವೊಂದನ್ನು ಹಾಡಲು ಬಿಡುತ್ತಾನೆ. ಅವನ ಗಮನ ತಪ್ಪುತ್ತಿದ್ದಂತೆ ಆ ರೂಪ ಸೊಟ್ಟಸೊಟ್ಟಾಗಿ ತಿರುಚಿಕೊಳ್ಳುತ್ತದೆ. ಇದನ್ನು ನೋಡಿ ‘ಮೈನರ್ ಇಲ್ಯೂಷನ್’ನಿಂದ ಹಾಗೇ ಮಾಡುತ್ತೇನೆ ಎನ್ನುವ ಆಟಗಾರರು ಬಹಳ. ಆಗದು. ಆ ಕ್ಯಾಂಟ್ರಿಪ್ (ಸ್ಲಾಟ್ ಬೇಡದ ಕಿರುಮಂತ್ರ) ಶಬ್ದ ಅಥವಾ ಚಿತ್ರ, ಎರಡರಲ್ಲಿ ಒಂದನ್ನು ಕೊಡುತ್ತದೆ, ಅದೂ ಐದು ಅಡಿಯ ಘನದೊಳಗೆ. ‘ಸೈಲೆಂಟ್ ಇಮೇಜ್’ ಚಲಿಸುತ್ತದೆ ಆದರೆ ಮೂಕ. ಹಾಡುವ, ನಡೆಯುವ ಮನುಷ್ಯ ಬೇಕಾದರೆ ಮೂರನೇ ಲೆವೆಲ್‌ನ ‘ಮೇಜರ್ ಇಮೇಜ್’ ಬೇಕು, 20 ಅಡಿಯ ಘನ, ಹತ್ತು ನಿಮಿಷದ ಕಾನ್ಸಂಟ್ರೇಷನ್. ಮುಟ್ಟಿದವರಿಗೆ ಸುಳ್ಳು ಗೊತ್ತಾಗುತ್ತದೆ. ಅನುಮಾನದಿಂದ ನೋಡಿದವರು ಇನ್ವೆಸ್ಟಿಗೇಷನ್ ಉರುಳಿಸುತ್ತಾರೆ. ನಿಯಮದ ಪ್ರಕಾರ ಕಾನ್ಸಂಟ್ರೇಷನ್ ಮುರಿದರೆ ಮಾಯೆ ತಟ್ಟನೆ ಮಾಯವಾಗಬೇಕು. ಸಿನಿಮಾದ ಹಾಗೆ ಮೊದಲ ಸೋಲಿಗೆ ತಿರುಚಿಕೊಳ್ಳಲಿ, ಎರಡನೆಯದಕ್ಕೆ ಮಾಯವಾಗಲಿ ಎಂದಿಟ್ಟುಕೊಂಡರೆ ಒಂದು ಸರದಿಯ ಗಾಬರಿ ಹೆಚ್ಚುವರಿಯಾಗಿ ಸಿಗುತ್ತದೆ. ಇದನ್ನು ಧಾರಾಳವಾಗಿ ಒಪ್ಪಿಕೊಳ್ಳಬಹುದು.

ರಾಕ್ಷಸ ಪ್ರಾಣಿಗಳ ವಿಷಯದಲ್ಲಿ ಸಿನಿಮಾ ಪುಸ್ತಕಕ್ಕೆ ಅಚ್ಚರಿಯಾಗುವಷ್ಟು ಹತ್ತಿರ ಇದೆ. ಮೆದುಳಿಗೆ ಕಾಲು ಬಂದಂತಿರುವ ಇಂಟಲೆಕ್ಟ್ ಡಿವೌರರ್‌ಗಳು ತಂಡದ ಪಕ್ಕದಲ್ಲೇ ಹಾದು, ಒಬ್ಬರನ್ನೂ ಮುಟ್ಟದೆ ಹೋಗುತ್ತವೆ. ಪುಸ್ತಕದಲ್ಲಿ ಅವಕ್ಕೆ 300 ಅಡಿಯೊಳಗಿನ, ಇಂಟೆಲಿಜೆನ್ಸ್ 3 ಅಥವಾ ಅದಕ್ಕಿಂತ ಹೆಚ್ಚಿರುವ ಜೀವಿಗಳು ಗೊತ್ತಾಗುತ್ತವೆ ಎಂದಿದೆ. ಅಂದರೆ ಈ ತಂಡದ ಬುದ್ಧಿ ಅವುಗಳ ಲೆಕ್ಕಕ್ಕೇ ಬರಲಿಲ್ಲ; ಆ ಸಾಲು ಓದಿದವರಿಗೆ ನಗು ಇಮ್ಮಡಿ. ಡಿಸ್‌ಪ್ಲೇಸರ್ ಬೀಸ್ಟ್‌ನ ಮಾಯಾಪ್ರತಿಯೂ ಹಾಗೆಯೇ: ಪುಸ್ತಕದಲ್ಲಿ ಅದರ ಮೇಲಿನ ಏಟುಗಳಿಗೆ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆಯದನ್ನು ಹಿಡಿಯುವುದು), ಒಮ್ಮೆ ಏಟು ತಗುಲಿದರೆ ಅದರ ಮುಂದಿನ ಸರದಿ ಮುಗಿಯುವವರೆಗೆ ಆ ಮಾಯೆ ಕೆಲಸ ಮಾಡುವುದಿಲ್ಲ. ಎಲ್ಲವನ್ನೂ ಕರಗಿಸುವ ಲೋಳೆಯ ಘನ, ಜೆಲಾಟಿನಸ್ ಕ್ಯೂಬ್, ಅದರೊಳಗೆ ತಂಡ ಬೇಕೆಂದೇ ಧುಮುಕುವುದನ್ನು ಮಾತ್ರ ಮೇಜಿನಲ್ಲಿ ಅನುಕರಿಸುವ ಮುನ್ನ ಲೆಕ್ಕ ಹಾಕಿ. ಒಳಗಿರುವವರಿಗೆ ಕ್ಯೂಬ್‌ನ ಪ್ರತಿ ಸರದಿಯ ಆರಂಭಕ್ಕೆ 6ಡಿ6, ಅಂದರೆ ಆರು ಸೆಕೆಂಡಿಗೆ ಸರಾಸರಿ 21 ಆಮ್ಲದ ಏಟು, ಉಸಿರಾಟವೂ ಇಲ್ಲ. ಹೊರಬರಲು ಡಿಸಿ 12ರ ಸ್ಟ್ರೆಂತ್ ಪರೀಕ್ಷೆ. ಐದನೇ ಲೆವೆಲ್‌ನ ಸಾರ್ಸರರ್ ಎರಡನೇ ಸರದಿಗೆ ನೆಲಕ್ಕೆ ಬಿದ್ದಿರುತ್ತಾನೆ.

ಕೊಬ್ಬಿದ ಕೆಂಪು ಡ್ರ್ಯಾಗನ್ ಥೆಂಬರ್‌ಶಾಡ್ ನಗೆಗಾಗಿ ಸೃಷ್ಟಿಸಿದ್ದು ಎಂದುಕೊಂಡವರಿದ್ದಾರೆ. ಅಲ್ಲ, ಅದು 2015ರ ‘ಔಟ್ ಆಫ್ ದಿ ಅಬಿಸ್’ ಪುಸ್ತಕದ, ಗ್ರಾಕಲ್‌ಸ್ಟಗ್ ನಗರದ ಡ್ರ್ಯಾಗನ್. ವಯಸ್ಕ ಕೆಂಪು ಡ್ರ್ಯಾಗನ್ ಎಂದರೆ 256 ಹಿಟ್ ಪಾಯಿಂಟ್, 60 ಅಡಿಯ ಬೆಂಕಿ, 18ಡಿ6, ಸರಾಸರಿ 63. ಅದನ್ನು ಸಿನಿಮಾದ ತಂಡ ಕೊಲ್ಲುವುದಿಲ್ಲ, ಕೊಲ್ಲಲು ಹೊರಡುವುದೂ ಇಲ್ಲ, ಓಡುತ್ತದೆ. ಡ್ರ್ಯಾಗನ್ ಉರುಳಿ ಬರುವ ರಭಸವೇ ಅಲ್ಲಿ ಆಯುಧ. ಹಾರಲಾಗದ ಡ್ರ್ಯಾಗನ್ ಅಂದರೆ ಸುಲಭದ ಡ್ರ್ಯಾಗನ್ ಅಲ್ಲ ಎಂಬುದನ್ನು ಹೊಸ ಡಿಎಂಗಳು ಈ ದೃಶ್ಯದಿಂದ ಕಲಿಯಬಹುದು.

ಕೊನೆಯ ಕಾಳಗದ ಲೆಕ್ಕ ನಿಜಕ್ಕೂ ಬಿಡಿಸಿ ನೋಡಬೇಕಾದದ್ದು. ಥೇ ನಾಡಿನ ಕೆಂಪು ಮಾಂತ್ರಿಕರಲ್ಲಿ ಒಬ್ಬಳಾದ ಖಳನಾಯಕಿ ಸೋಫಿನಾ ಕಾಲ ನಿಲ್ಲಿಸುವ ‘ಟೈಮ್ ಸ್ಟಾಪ್’ ಹಾಕುತ್ತಾಳೆ. ಅದು ಒಂಬತ್ತನೇ ಲೆವೆಲ್‌ನ ಸ್ಪೆಲ್, ಅಂದರೆ ಅವಳು ಹದಿನೇಳನೇ ಲೆವೆಲ್‌ಗೆ ಕಡಿಮೆಯಿಲ್ಲದ ವಿಝಾರ್ಡ್. ಸೈಮನ್ ಅದನ್ನು ತಡೆದಿದ್ದಾನೆ, ತಂಡ ಹೆಪ್ಪುಗಟ್ಟಿದಂತೆ ನಟಿಸಿದೆ, ಅದೃಶ್ಯಳಾಗಿದ್ದ ಎಡ್ಜಿನ್‌ನ ಮಗಳು ಕಿರಾ ಮಂತ್ರ ತಡೆಯುವ ಬಳೆಯನ್ನು ಸೋಫಿನಾಳ ಕೈಗೆ ತೊಡಿಸುತ್ತಾಳೆ. 2014ರ ‘ಕೌಂಟರ್‌ಸ್ಪೆಲ್’ ಮೂರನೇ ಲೆವೆಲ್‌ನ ಸ್ಲಾಟ್‌ನಲ್ಲಿ ಹಾಕಿದರೆ ಒಂಬತ್ತನೇ ಲೆವೆಲ್‌ನ ಸ್ಪೆಲ್ ತಡೆಯಲು ಡಿಸಿ 19. ಕರಿಸ್ಮಾ ಮಾಡಿಫೈಯರ್ +4 ಇದ್ದರೆ ಡಿ20ಯಲ್ಲಿ 15 ಅಥವಾ ಹೆಚ್ಚು ಬೀಳಬೇಕು, ನೂರಕ್ಕೆ 30. ಸೈಮನ್ ಹೆಲ್ಮೆಟ್ ಜೊತೆ ಹೊಂದಿಕೊಳ್ಳಲು ಪಟ್ಟ ಪಾಡೆಲ್ಲ ಆ 30ನ್ನು ನಂಬುವಂತೆ ಮಾಡುವ ತಯಾರಿ. 2024ರಲ್ಲಿ ಲೆಕ್ಕ ತಿರುವುಮುರುವಾಗಿದೆ: ಸ್ಪೆಲ್ ಹಾಕುವವರೇ ಕಾನ್‌ಸ್ಟಿಟ್ಯೂಷನ್ ಸೇವ್ ಉರುಳಿಸಬೇಕು, ಸ್ಪೆಲ್‌ನ ಲೆವೆಲ್‌ಗೆ ಅಲ್ಲಿ ಬೆಲೆಯಿಲ್ಲ. ಯಾವ ಆವೃತ್ತಿಯಾದರೂ ಪಾಠ ಒಂದೇ. ತಂಡಕ್ಕಿಂತ ಹತ್ತು ಲೆವೆಲ್ ಮೇಲಿರುವ ಎದುರಾಳಿಯನ್ನು ತಂದರೆ, ಗೆಲುವನ್ನು ಅವಳ ಹಿಟ್ ಪಾಯಿಂಟ್‌ಗೆ ಕಟ್ಟಬೇಡಿ. ಒಂದು ಬಳೆ ತೊಡಿಸುವುದು, ಒಂದು ಕೋಲು ಕಸಿಯುವುದು, ಇಂಥ ಒಂದೇ ಕೆಲಸಕ್ಕೆ ಕಟ್ಟಿ. ಆ ಬಳೆ ಮೂರು ಸೆಷನ್ ಮುಂಚೆಯೇ ತಂಡದ ಕಣ್ಣಿಗೆ ಬಿದ್ದಿರಲಿ.

ಎಡ್ಜಿನ್ ಬಾರ್ಡ್ ಆಗಿಯೂ ಒಂದು ಸ್ಪೆಲ್ ಹಾಕುವುದಿಲ್ಲ ಎಂಬ ದೂರು ನ್ಯಾಯವಾದದ್ದೇ. ಆದರೆ ಅವನು ಎಲ್ಲರಿಗೂ ಧೈರ್ಯ ತುಂಬುತ್ತಾ, ಪ್ಲಾನ್ ಕೆಟ್ಟಾಗಲೆಲ್ಲ ಇನ್ನೊಂದು ಕಟ್ಟುತ್ತಾ ಇರುವುದನ್ನು ಬಾರ್ಡಿಕ್ ಇನ್‌ಸ್ಪಿರೇಷನ್ (ಜೊತೆಯವರನ್ನು ಹುರಿದುಂಬಿಸುವ ಬಾರ್ಡ್‌ನ ಶಕ್ತಿ) ಎಂದು ಓದಿಕೊಂಡರೆ ಪಾತ್ರ ಕೂಡಿಬರುತ್ತದೆ. ಎಡ್ಜಿನ್ ಪಾತ್ರದ ಕ್ರಿಸ್ ಪೈನ್ ಆ ಕೆಲಸವನ್ನು ಮಾತಿನಲ್ಲೇ ಮಾಡಿದ್ದಾರೆ.

ಇಷ್ಟೆಲ್ಲ ಇದ್ದೂ ಸಿನಿಮಾ ದುಡ್ಡಿನಲ್ಲಿ ಸೊರಗಿತು: ಸುಮಾರು 15 ಕೋಟಿ ಡಾಲರ್ ಖರ್ಚು, ಜಗತ್ತಿನಾದ್ಯಂತ ಸುಮಾರು 20.8 ಕೋಟಿ ಗಳಿಕೆ. ಥಿಯೇಟರ್‌ಗಳ ಪಾಲು ಕಳೆದರೆ ಅದು ಸಾಲದು. ಬಿಡುಗಡೆಗೆ ಮುಂಚಿನ, 2023ರ ಜನವರಿಯಲ್ಲಿ, ಆಟದ ನಿಯಮಗಳನ್ನು ಬೇರೆಯವರೂ ಬಳಸಲು ಬಿಡುವ ಓಪನ್ ಗೇಮ್ ಲೈಸೆನ್ಸ್ ಬದಲಿಸುವ ಕರಡು ಸೋರಿ, ಆಟದವರು ಸಿಡಿದೆದ್ದು, ಕೊನೆಗೆ ಆಟದ ಪ್ರಕಾಶಕರು ನಿಯಮಗಳ ಮೂಲ ದಾಖಲೆಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಬಿಡಬೇಕಾಯಿತು. ಸಿನಿಮಾ ಬಹಿಷ್ಕರಿಸಿ ಎಂಬ ಕೂಗೂ ಆಗ ಎದ್ದಿತ್ತು. ಲೈಸೆನ್ಸ್ ಮೇಲಿನ ಸಿಟ್ಟು ಸರಿಯಾದದ್ದೇ ಆಗಿತ್ತು. ಆದರೆ ಬಿಡುಗಡೆಯಾಗಿ ಒಂದು ವಾರವೂ ತುಂಬುವ ಮುನ್ನ ‘ಸೂಪರ್ ಮಾರಿಯೊ’ ಸಿನಿಮಾ ಬಂದದ್ದು ಅದಕ್ಕಿಂತ ದೊಡ್ಡ ಹೊಡೆತ ಎಂಬುದು ನನ್ನ ಅಂದಾಜು.

ಕಡೆಯದಾಗಿ, ಈ ಕಥೆಯನ್ನು ಕ್ಯಾಂಪೇನ್ ಆಗಿ ಆಡಿಸುವವರು ಒಂದು ವಿಷಯ ಗಮನಿಸಲೇಬೇಕು: ಈ ತಂಡದಲ್ಲಿ ಕ್ಲೆರಿಕ್ ಇಲ್ಲ. ಇದ್ದಿದ್ದರೆ ಕೊನೆಯ ಭಾಗವೇ ಇರುತ್ತಿರಲಿಲ್ಲ. ಹೆಂಡತಿಯನ್ನು ಬದುಕಿಸಲೆಂದು ಎಡ್ಜಿನ್ ಸಿನಿಮಾ ಪೂರ್ತಿ ಬೆನ್ನತ್ತಿದ ಟ್ಯಾಬ್ಲೆಟ್ ಆಫ್ ರೀಅವೇಕನಿಂಗ್ (ಸತ್ತವರನ್ನು ಎಬ್ಬಿಸುವ ಫಲಕ) ಒಂದೇ ಸಲ ಕೆಲಸ ಮಾಡುವುದು. ಅದನ್ನು ಅವನು ಕೊನೆಯಲ್ಲಿ ಸತ್ತ ಹೋಲ್ಗಾಳಿಗಾಗಿ ಬಳಸುತ್ತಾನೆ. ಆ ಆಯ್ಕೆಗೆ ತೂಕ ಬಂದದ್ದು ಬೇರೆ ದಾರಿ ಇಲ್ಲದ್ದರಿಂದ. ಆದರೆ ಮೇಜಿನಲ್ಲಿ ಐದನೇ ಲೆವೆಲ್‌ನ ಕ್ಲೆರಿಕ್ ‘ರಿವಿವಿಫೈ’ ಹಾಕಿ, ಸತ್ತು ಒಂದು ನಿಮಿಷದೊಳಗಾದರೆ 300 ಚಿನ್ನದ ನಾಣ್ಯದ ವಜ್ರ ವೆಚ್ಚ ಮಾಡಿ, ಹೋಲ್ಗಾಳನ್ನು ಎಬ್ಬಿಸಿಬಿಡುತ್ತಾರೆ. ಪ್ಯಾಲಡಿನ್‌ಗೂ ಒಂಬತ್ತನೇ ಲೆವೆಲ್‌ನಲ್ಲಿ ಅದೇ ಸ್ಪೆಲ್ ಸಿಗುತ್ತದೆ. ಝೆಂಕ್ ಅಂಡರ್‌ಡಾರ್ಕ್ ಮುಗಿದ ಕೂಡಲೇ ಬೀಳ್ಕೊಂಡು ನೇರ ಗೆರೆಯಲ್ಲಿ ನಡೆದು ಹೋಗಿಬಿಡುವುದು ಈ ಕಾರಣಕ್ಕೂ ಜಾಣ ಬರವಣಿಗೆ. ಪ್ರಬಲ ಎನ್‌ಪಿಸಿಯನ್ನು (ಡಿಎಂ ತಾನೇ ಆಡಿಸುವ ಪಾತ್ರವನ್ನು) ತರುವ ಡಿಎಂ ಅವನನ್ನು ಒಳಗೆ ಕರೆಯುವ ಮುನ್ನವೇ ಹೊರಗೆ ಕಳಿಸುವ ಕಾರಣ ಬರೆದಿಟ್ಟುಕೊಂಡಿರಬೇಕು. ನಿಮ್ಮ ತಂಡದಲ್ಲಿ ಕ್ಲೆರಿಕ್ ಇದ್ದರೆ ಅವರ ಸ್ಪೆಲ್ ಪಟ್ಟಿಗೆ ಕೈ ಹಾಕಬೇಡಿ, ವಜ್ರಗಳನ್ನು ಎಣಿಸಿ ಕೊಡಿ: ಕ್ಯಾಂಪೇನ್ ಅರ್ಧಕ್ಕೆ ಒಂದು, ಅದೂ ಎಲ್ಲರೆದುರಿಗೆ. ಆ ಒಂದು ಯಾರ ಮೇಲೆ, ಯಾವಾಗ ಖರ್ಚಾಗುತ್ತದೆ ಎಂಬುದು ಆಟಗಾರರ ಕೈಯಲ್ಲಿರಲಿ.